ಮಗುವಿಗೆ ಹಾಲು ಒಗ್ಗುತ್ತಿಲ್ಲ ಅನ್ನಿಸಿದಾಗ: ನಿಲ್ಲಿಸುವುದು ಹೇಗೆ, ಮತ್ತೆ ಕೊಡುವುದು ಯಾವಾಗ

"ಹಾಲು ಕುಡಿದ್ರೆ ಇವನಿಗೆ ಆಗಲ್ಲ." ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಭೇದಿಯಾದ ಮೇಲೆ ಕೆಲವು ವಾರಗಳ ಕಾಲ ಹಾಲಿನ ಸಕ್ಕರೆ ಅರಗದಿರುವುದು ಒಂದು. ಹಸುವಿನ ಹಾಲಿನ ಪ್ರೋಟೀನಿಗೆ ಅಲರ್ಜಿ ಇನ್ನೊಂದು. ಬೆಳೆಯುತ್ತ ಬೆಳೆಯುತ್ತ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ತಾನಾಗಿ ಕುಗ್ಗುವುದು ಮೂರನೆಯದು. ಮೊದಲನೆಯದಕ್ಕೆ ಮೊಸರು ಒಳ್ಳೆಯದು. ಎರಡನೆಯದಕ್ಕೆ ಅದೇ ಮೊಸರು ಅಪಾಯ. ಮೂರನೆಯದಕ್ಕೆ ಹಾಲನ್ನು ಪೂರ್ತಿ ಬಿಡುವ ಅಗತ್ಯವೇ ಇಲ್ಲ. ಆದ್ದರಿಂದ ಹಾಲು ನಿಲ್ಲಿಸುವ ಮುನ್ನ ಇದು ಯಾವುದು ಎಂದು ಗುರುತಿಸಿಕೊಳ್ಳಬೇಕು. ನಿಲ್ಲಿಸಿದ ಮೇಲೆ ಮತ್ತೆ ಕೊಟ್ಟು ನೋಡಬೇಕು. ಹೆಚ್ಚಿನ ಮನೆಗಳಲ್ಲಿ ತಪ್ಪಿಹೋಗುವುದು ಈ ಎರಡನೆಯ ಹೆಜ್ಜೆಯೇ: ಒಂದೂವರೆ ವರ್ಷಕ್ಕೆ ನಿಲ್ಲಿಸಿದ ಹಾಲು ಮಗು ಶಾಲೆಗೆ ಹೋಗುವ ಹೊತ್ತಿಗೂ ನಿಂತೇ ಇರುತ್ತದೆ, ಯಾಕೆ ನಿಲ್ಲಿಸಿದ್ದು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಯಾವ ಮಕ್ಕಳಿಗೆ ಮನೆಯಲ್ಲಿ ಪ್ರಯೋಗ ಬೇಡ

ಮೊದಲು ಇವರನ್ನು ಬೇರೆ ಇಡಿ. ಹಾಲು ಕುಡಿದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂಧೆ ಎದ್ದರೆ, ತುಟಿ ಅಥವಾ ಕಣ್ಣಿನ ಸುತ್ತ ಊದಿದರೆ, ಉಸಿರಾಟದಲ್ಲಿ ಸುಯ್ ಶಬ್ದ ಬಂದರೆ, ಮಗು ಬಿಳಿಚಿಕೊಂಡು ಜೋಲು ಬಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆ ಮಗುವಿಗೆ ಮತ್ತೆ ಹಾಲು ಕೊಟ್ಟು ನೋಡುವ ಕೆಲಸ ವೈದ್ಯರ ಎದುರಿಗೇ ಆಗಬೇಕು, ಒಂದು ಹನಿಯಾದರೂ ಸರಿ. ಹಾಲು ಕುಡಿದ ಒಂದರಿಂದ ನಾಲ್ಕು ಗಂಟೆಯ ನಂತರ ಮೇಲಿಂದ ಮೇಲೆ ವಾಂತಿ ಮಾಡಿ ನಿತ್ರಾಣವಾಗುವ ಕೂಸಿಗೂ ಇದೇ ಮಾತು.

ಹಸಿರು ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು ಅಥವಾ ತಿಂಗಳುಗಟ್ಟಲೆ ಏರದಿರುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, 14 ದಿನ ದಾಟಿದ ಭೇದಿ, ಬಿಗಿದುಕೊಂಡ ಹೊಟ್ಟೆ: ಇವುಗಳಲ್ಲಿ ಯಾವುದಿದ್ದರೂ ಆಹಾರ ಬದಲಿಸುತ್ತ ಕೂರದೆ ಮಕ್ಕಳ ವೈದ್ಯರನ್ನು ಕಾಣಿ. ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಕಣ್ಣು ಗುಳಿಬಿದ್ದು ಅಳುವಾಗ ನೀರು ಬಾರದಿದ್ದರೆ ಅದು ನಿರ್ಜಲೀಕರಣ, ಅವತ್ತೇ ಹೋಗಬೇಕು.

ವಯಸ್ಸು ನೋಡಿ, ಗಡಿಯಾರ ನೋಡಿ

ಆರು ತಿಂಗಳೊಳಗಿನ, ಎದೆಹಾಲನ್ನಷ್ಟೇ ಕುಡಿಯುವ ಕೂಸು ದಿನಕ್ಕೆ ಎಂಟು ಹತ್ತು ಸಲ ಹಳದಿ ನೀರುನೀರಾದ ಮಲ ಮಾಡಿ, ಆಡಿಕೊಂಡು, ತೂಕ ಏರಿಸಿಕೊಂಡು ಇದ್ದರೆ ಅದು ರೋಗವಲ್ಲ. 100 ಮಿ.ಲೀ. ಎದೆಹಾಲಿನಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇರುತ್ತದೆ, ಹಸುವಿನ ಹಾಲಿಗಿಂತ ಹೆಚ್ಚು. ಕೂಸಿನ ಕರುಳು ಅದಕ್ಕೆಂದೇ ಸಿದ್ಧವಾಗಿ ಹುಟ್ಟಿರುತ್ತದೆ. ಹುಟ್ಟಿನಿಂದಲೇ ಲ್ಯಾಕ್ಟೋಸ್ ಅರಗದ ಕಾಯಿಲೆ ಅತ್ಯಂತ ಅಪರೂಪ.

ಒಂದು ವರ್ಷದೊಳಗೆ, ಅದರಲ್ಲೂ ಫಾರ್ಮುಲಾ ಅಥವಾ ಹಸುವಿನ ಹಾಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಲೋಳೆ, ರಕ್ತದ ಎಳೆ, ವಾಂತಿ, ಮೈಮೇಲೆ ಒಣ ಇಸುಬು ಒಟ್ಟಾಗಿ ಕಂಡರೆ ಪ್ರೋಟೀನ್ ಅಲರ್ಜಿಯನ್ನು ಶಂಕಿಸಿ. ಭೇದಿಯಾಗಿ ಸುಧಾರಿಸಿಕೊಂಡ ಮಗುವಿಗೆ ಹಾಲು ಕೊಟ್ಟೊಡನೆ ನೊರೆನೊರೆಯಾಗಿ, ಹುಳಿ ವಾಸನೆಯ ಮಲ ಚಿಮ್ಮಿ, ಗುದದ ಸುತ್ತ ಚರ್ಮ ಕೆಂಪಗೆ ಸುಟ್ಟಂತಾದರೆ ಅದು ಹಾಲಿನ ಸಕ್ಕರೆಯ ತಾತ್ಕಾಲಿಕ ತೊಂದರೆ. ಐದು ವರ್ಷ ದಾಟಿದ ಮಗು ಹಾಲು ಕುಡಿದ ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ ಹೊಟ್ಟೆ ನುಲಿತ, ಉಬ್ಬರ, ಗುಡುಗುಡು, ಹೂಸು ಎಂದು ಒದ್ದಾಡಿದರೆ ಮೂರನೆಯ ಬಗೆ. ನಮ್ಮ ಕಡೆ ಇದು ಹೆಚ್ಚು. ಉತ್ತರ ಭಾರತದವರಿಗಿಂತ ದಕ್ಷಿಣದವರಲ್ಲಿ ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕಿಣ್ವ ಬೆಳೆಯುತ್ತ ಕಡಿಮೆಯಾಗುವವರು ಜಾಸ್ತಿ. ಆದರೆ ಎರಡು ವರ್ಷದ ಮಗುವಿಗೆ ಈ ಕಾರಣ ಹೇಳುವುದು ಸರಿಯಲ್ಲ, ಆ ವಯಸ್ಸಿಗೆ ಅದು ಸಾಮಾನ್ಯವಾಗಿ ಶುರುವಾಗಿರುವುದಿಲ್ಲ.

ಭೇದಿಯ ನಂತರದ ಹಾಲು

ಸಣ್ಣ ಕರುಳಿನ ಒಳಗೋಡೆ ಮಖಮಲ್ಲಿನ ಬಟ್ಟೆಯಂತೆ ಸಣ್ಣ ಸಣ್ಣ ಎಳೆಗಳಿಂದ ಕೂಡಿದೆ. ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಇರುವುದು ಆ ಎಳೆಗಳ ತುದಿಯಲ್ಲಿ. ರೋಟಾವೈರಸ್‌ನಂಥ ಸೋಂಕು ಮೊದಲು ಸವೆಸುವುದೂ ತುದಿಯನ್ನೇ. ಒಡೆಯದ ಸಕ್ಕರೆ ಕರುಳಿಗೆ ನೀರೆಳೆಯುತ್ತದೆ. ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿ ಗ್ಯಾಸ್ ಮತ್ತು ಆಮ್ಲ ಮಾಡುತ್ತವೆ. ನೊರೆ, ಹುಳಿ ವಾಸನೆ, ಚರ್ಮ ಸುಡುವುದು ಎಲ್ಲಕ್ಕೂ ಮೂಲ ಇದೇ. ತುದಿ ಮತ್ತೆ ಬೆಳೆಯಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಸಾಕು.

ಎದೆಹಾಲು ನಿಲ್ಲಿಸಬೇಡಿ, ಭೇದಿ ಜೋರಾಗಿದ್ದಾಗಲೂ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಿ. ಲೋಟಕ್ಕೆ ಚಿಟಿಕೆ ಚಿಟಿಕೆಯಾಗಿ ಬೆರೆಸಿದರೆ ಒಮ್ಮೆ ಉಪ್ಪು ಹೆಚ್ಚಾಗುತ್ತದೆ, ಒಮ್ಮೆ ಏನೂ ಇರುವುದಿಲ್ಲ. ಕಲಸಿದ್ದು 24 ಗಂಟೆಗೆ ಮಾತ್ರ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ 50–100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100–200 ಮಿ.ಲೀ., ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅವುಗಳ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಜೊತೆಗೆ ಝಿಂಕ್: ಆರು ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳವರಿಗೆ 10 ಮಿ.ಗ್ರಾಂ., ಭೇದಿ ನಿಂತರೂ ಬಿಡದೆ 14 ದಿನ. ಆಶಾ ಕಾರ್ಯಕರ್ತೆಯರ ಬಳಿ ಎರಡೂ ಸಿಗುತ್ತವೆ.

ಭೇದಿಯ ನಂತರ ಹೀಗೆ ಹಾಲು ಒಗ್ಗದ, ಒಂದು ವರ್ಷ ದಾಟಿದ ಮಗುವಿಗೆ ಲೋಟದ ಹಾಲು ಎರಡು ವಾರ ನಿಲ್ಲಿಸಿ, ಬದಲಿಗೆ ಚೆನ್ನಾಗಿ ಹೆಪ್ಪುಗಟ್ಟಿದ ಮೊಸರು, ಮೊಸರನ್ನ, ಬೇಳೆ ಕಟ್ಟಿನ ಅನ್ನ, ಬಾಳೆಹಣ್ಣು ಕೊಡಿ. ಮೊಸರಾಗುವಾಗ ಲ್ಯಾಕ್ಟೋಸ್ ಸ್ವಲ್ಪ ಕಡಿಮೆಯಾಗುತ್ತದೆ. ಉಳಿದದ್ದನ್ನು ಮೊಸರಿನ ಜೀವಂತ ಬ್ಯಾಕ್ಟೀರಿಯಾಗಳೇ ಕರುಳಿನಲ್ಲಿ ಒಡೆಯಲು ನೆರವಾಗುತ್ತವೆ. ಹಾಗಾಗಿ ಕುದಿಯುವ ಮಜ್ಜಿಗೆ ಹುಳಿಯಿಂದ ಆ ನೆರವು ಸಿಗದು. ಹದಿನೈದನೇ ದಿನ ಊಟವಾದ ಮೇಲೆ 50 ಮಿ.ಲೀ. ಹಾಲು ಕೊಡಿ, ಮರುದಿನ 100, ಅದರ ಮರುದಿನ 150. ಮಲ ಮತ್ತೆ ನೊರೆಯಾದರೆ ಇನ್ನೊಂದು ವಾರ ಮೊಸರಲ್ಲೇ ಇದ್ದು ಮತ್ತೆ ನೋಡಿ. ಫಾರ್ಮುಲಾ ಕುಡಿಯುವ ಚಿಕ್ಕ ಕೂಸುಗಳಿಗೆ ಮಾತ್ರ ನೀವಾಗಿ ಡಬ್ಬಿ ಬದಲಿಸಬೇಡಿ. ಹೆಚ್ಚಿನವಕ್ಕೆ ಅದರ ಅಗತ್ಯ ಬೀಳುವುದಿಲ್ಲ. ಬಿದ್ದರೂ ವೈದ್ಯರು ಎರಡು ನಾಲ್ಕು ವಾರದ ಮಟ್ಟಿಗೆ ಲ್ಯಾಕ್ಟೋಸ್ ಇಲ್ಲದ ಫಾರ್ಮುಲಾ ಬರೆದುಕೊಡುತ್ತಾರೆ.

ಹಾಲಿಗೆ ನೀರು ಬೆರೆಸಿ "ಹಗುರ" ಮಾಡುವುದು ನಮ್ಮಲ್ಲಿ ಅಜ್ಜಿಯರ ಕಾಲದಿಂದ ಬಂದ ರೂಢಿ. ಒಂದು ಲೋಟ ಹಾಲಿಗೆ ಒಂದು ಲೋಟ ನೀರು ಸೇರಿಸಿ ಎರಡನ್ನೂ ಕುಡಿಸಿದರೆ ಮಗುವಿನ ಹೊಟ್ಟೆ ಸೇರುವ ಲ್ಯಾಕ್ಟೋಸ್ ಅಷ್ಟೇ. ಒಂದನ್ನೇ ಕುಡಿಸಿದರೆ ಲ್ಯಾಕ್ಟೋಸ್ ಜೊತೆ ಪ್ರೋಟೀನು, ಕೊಬ್ಬು, ಶಕ್ತಿಯೂ ಅರ್ಧ, ಹೊಟ್ಟೆ ಮಾತ್ರ ಭರ್ತಿ. ತೂಕ ಏರದ ಎಷ್ಟೋ ಮಕ್ಕಳಿಗೆ ಇಂಥ ನೀರು ಹಾಲೇ ದಿನವೂ ಹೋಗುತ್ತಿರುತ್ತದೆ.

ಪ್ರೋಟೀನ್ ಅಲರ್ಜಿ: ಬೇರೆಯೇ ನಿಯಮ

ಇಲ್ಲಿ ಜಗಳ ಸಕ್ಕರೆಯ ಜೊತೆಗಲ್ಲ, ಕೇಸಿನ್ ಮತ್ತು ವೇ ಪ್ರೋಟೀನುಗಳ ಜೊತೆ, ರೋಗನಿರೋಧಕ ವ್ಯವಸ್ಥೆಯ ಜಗಳ. ಅಂಗಡಿಯ ಲ್ಯಾಕ್ಟೋಸ್ ರಹಿತ ಹಾಲಿನಲ್ಲಿ ಪ್ರೋಟೀನ್ ಹಾಗೇ ಇರುತ್ತದೆ. ದುಬಾರಿ ಬೆಲೆ ಕೊಟ್ಟು ಅದನ್ನೇ ಮಗುವಿಗೆ ಕುಡಿಸಿ "ಇದೂ ಒಗ್ಗಲಿಲ್ಲ" ಎನ್ನುವುದು ನಿತ್ಯ ನಡೆಯುವ ತಪ್ಪು. ಆಡಿನ ಹಾಲು, ಎಮ್ಮೆ ಹಾಲಿನ ಪ್ರೋಟೀನುಗಳು ಹಸುವಿನದಕ್ಕೆ ಬಹಳ ಹತ್ತಿರ, ಆದ್ದರಿಂದ ಅವೂ ಬೇಡ. ನಾಟಿ ಹಸು, ಎ2 ಹಾಲು ಎಂಬ ಹೆಸರಿಗೂ ಇಲ್ಲಿ ವಿನಾಯಿತಿ ಇಲ್ಲ. ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬಂದು ಒಳಲೆಯಲ್ಲಿ ಹಾಕಿಕೊಡುವ ಹಾಲಿನ ಬಗ್ಗೆಯೂ ಒಂದು ಮಾತು: ಅದು ಕಾಯಿಸದ ಹಾಲು, ಮೇಲಾಗಿ ಅದರಲ್ಲಿ ಲ್ಯಾಕ್ಟೋಸ್ ಹಸುವಿನ ಹಾಲಿಗಿಂತ ಜಾಸ್ತಿ. ಭೇದಿಯ ಮಗುವಿಗಂತೂ ಎರಡು ಕಡೆಯಿಂದಲೂ ನಷ್ಟ.

ಎದೆಹಾಲು ಕುಡಿಯುವ ಕೂಸಾದರೆ ಕೂಸಿನ ಹಾಲು ಬಿಡಿಸುವುದಲ್ಲ, ತಾಯಿಯ ತಟ್ಟೆಯಿಂದ ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್, ಖೋವಾ ತೆಗೆಯುವುದು. ಎರಡರಿಂದ ನಾಲ್ಕು ವಾರ. ಆ ಅವಧಿಯಲ್ಲಿ ತಾಯಿಗೆ ದಿನಕ್ಕೆ 1000 ಮಿ.ಗ್ರಾಂ. ಕ್ಯಾಲ್ಸಿಯಂ, ಜೊತೆಗೆ ವಿಟಮಿನ್ ಡಿ ಬೇಕು. ಬಾಣಂತಿಗೆ ತುಪ್ಪ ಬಿಡಿಸಲು ಮನೆಯ ಹಿರಿಯರು ಒಪ್ಪುವುದು ಕಷ್ಟ. ನಾಲ್ಕು ವಾರದ ಲೆಕ್ಕ ಮಾತ್ರ ಎಂದು ಮೊದಲೇ ಹೇಳಿ, ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಹಾಕಿ. ಫಾರ್ಮುಲಾ ಕೂಸಿಗೆ ಪ್ರೋಟೀನನ್ನು ಚೂರುಚೂರು ಮಾಡಿದ ವಿಶೇಷ ಫಾರ್ಮುಲಾ ಬೇಕಾಗುತ್ತದೆ. ಸೋಯಾ ಫಾರ್ಮುಲಾ ಆರು ತಿಂಗಳೊಳಗೆ ಬೇಡ, ಆಮೇಲೂ ಕೆಲವು ಮಕ್ಕಳಿಗೆ ಅದೂ ಆಗುವುದಿಲ್ಲ.

ಒಳ್ಳೆಯ ಸುದ್ದಿ ಎಂದರೆ ಹೆಚ್ಚಿನ ಮಕ್ಕಳು ಮೂರರಿಂದ ಐದು ವರ್ಷದೊಳಗೆ ಇದನ್ನು ಮೀರುತ್ತಾರೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ವೈದ್ಯರ ಜೊತೆ ಮಾತಾಡಿ ಮತ್ತೆ ಕೊಟ್ಟು ನೋಡಬೇಕು. ತೀವ್ರವಲ್ಲದ ಬಗೆಯಲ್ಲಿ ಮೊದಲ ಮೆಟ್ಟಿಲು ಹಾಲು ಹಾಕಿ ಓವನ್‌ನಲ್ಲಿ ಚೆನ್ನಾಗಿ ಬೆಂದ ಬಿಸ್ಕತ್ತು ಅಥವಾ ಕೇಕ್, ಕೊನೆಯದು ಲೋಟದ ಹಾಲು. ಹೆಚ್ಚು ಹೊತ್ತಿನ ಶಾಖಕ್ಕೆ, ಅದರಲ್ಲೂ ಹಿಟ್ಟಿನೊಳಗೆ, ಪ್ರೋಟೀನಿನ ರೂಪ ಬದಲಾಗುವುದರಿಂದ ಈ ಕ್ರಮ.

ಎರಡು ವಾರದ ಪರೀಕ್ಷೆ ಕೆಡುವುದು ಎಲ್ಲಿ

ಹಾಲು ನಿಲ್ಲಿಸುವುದಕ್ಕೆ ಮುಂಚೆ ಏಳು ದಿನ ಏನೂ ಬದಲಿಸದೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಏನು ತಿಂದಿತು, ಎಷ್ಟು ಪ್ರಮಾಣ, ಎಷ್ಟು ಗಂಟೆಗೆ ನೋವು ಅಥವಾ ಮಲ, ಅದರ ಹದ (ಉಂಡೆ, ಮೆತ್ತಗೆ, ಗಂಜಿ, ನೀರು). ಬರೆಯುವಾಗಲೇ ಅರ್ಧ ಉತ್ತರ ಸಿಗುತ್ತದೆ. ನೋವು ಬರುವುದು ಹಾಲಿನ ನಂತರವಲ್ಲ, ಬೆಳಿಗ್ಗೆ ಶಾಲೆಯ ಬಸ್ಸಿನ ಹೊತ್ತಿಗೆ ಮಾತ್ರ ಎಂಬುದೂ ಕೆಲವೊಮ್ಮೆ ಪುಟದ ಮೇಲೆ ಕಾಣುತ್ತದೆ.

ಆಮೇಲೆ ಎರಡು ವಾರ ಹಾಲು ಮಾತ್ರ ತೆಗೆಯಿರಿ. ಅದೇ ದಿನ ಗೋಧಿ, ಮೊಟ್ಟೆ, ಕಡಲೆಬೀಜ ಎಲ್ಲವನ್ನೂ ನಿಲ್ಲಿಸಿದರೆ ಮಗು ಸುಧಾರಿಸಿದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಗೋಧಿಯ ಮೇಲೆ ಅನುಮಾನವಿದ್ದರೆ ಅದನ್ನು ನಿಲ್ಲಿಸಲೇಬೇಡಿ, ಮೊದಲು ಸೀಲಿಯಾಕ್ (ಗೋಧಿಯ ಪ್ರೋಟೀನಿನಿಂದ ಕರುಳು ಕೆಡುವ) ಕಾಯಿಲೆಯ ರಕ್ತಪರೀಕ್ಷೆ ಆಗಲಿ. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ವರದಿ ಸರಿಯಿದೆ ಎಂದೇ ಬರಬಹುದು.

ಅಲರ್ಜಿಯ ಮಗುವಿನ ವಿಷಯದಲ್ಲಿ ಹಾಲು ಕಳ್ಳದಾರಿಯಿಂದ ಬರುತ್ತದೆ. ಬ್ರೆಡ್, ಬನ್, ರಸ್ಕ್, ಮಾರಿ ಬಿಸ್ಕತ್ತು, ಮಾಲ್ಟ್ ಪುಡಿ, ಪ್ಯಾಕೆಟ್ಟಿನ ಮಗುವಿನ ಆಹಾರ. ಲೇಬಲ್ಲಿನಲ್ಲಿ ಮಿಲ್ಕ್ ಸಾಲಿಡ್ಸ್, ವೇ, ಕೇಸಿನೇಟ್ ಎಂದಿದ್ದರೆ ಅದು ಹಾಲೇ. ಬೆಣ್ಣೆ ದೋಸೆ, ಪಾಯಸ, ದೇವಸ್ಥಾನದ ಪಂಚಾಮೃತ, ಪಕ್ಕದ ಮನೆಯವರು ಪ್ರೀತಿಯಿಂದ ಕೈಗಿಟ್ಟ ಪೇಡ. ಲ್ಯಾಕ್ಟೋಸ್ ತೊಂದರೆಯವರಿಗೆ ಇಷ್ಟು ಕಟ್ಟುನಿಟ್ಟು ಬೇಡ: ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ, ಪನೀರಿನಲ್ಲಿ ಬಹುಪಾಲು ನೀರಿನ ಜೊತೆ ಹೊರಹೋಗಿರುತ್ತದೆ. ಆದರೆ ಖೋವಾ, ಪೇಡ, ಕುಂದಾ, ಹಾಲಿನ ಪುಡಿಯಲ್ಲಿ ಅದು ಸಾಂದ್ರವಾಗಿರುತ್ತದೆ.

ಮೂರೇ ದಿನಕ್ಕೆ "ಏನೂ ಬದಲಾಗಲಿಲ್ಲ" ಎಂದು ಬಿಡುವುದು ಒಂದು ತಪ್ಪು. ನೆಗಡಿ, ಜ್ವರ, ಆ್ಯಂಟಿಬಯಾಟಿಕ್ ನಡುವೆ ಪರೀಕ್ಷೆ ಶುರು ಮಾಡುವುದು ಇನ್ನೊಂದು. ಹಾಲಿನ ಜಾಗಕ್ಕೆ ಜ್ಯೂಸ್ ಕೊಡುವುದು ಮೂರನೆಯದು. ಸೇಬಿನ ಜ್ಯೂಸ್ ತಾನೇ ಭೇದಿ ಮಾಡಿಸಬಲ್ಲದು. ಒಂದರಿಂದ ಐದು ವರ್ಷದ, ಚೆನ್ನಾಗಿ ಬೆಳೆಯುತ್ತಿರುವ ಮಗುವಿನ ಮಲದಲ್ಲಿ ಕ್ಯಾರೆಟ್, ಬಟಾಣಿ ಚೂರುಗಳು ಹಾಗೇ ಕಂಡು ದಿನಕ್ಕೆ ನಾಲ್ಕೈದು ಸಲ ಸಡಿಲವಾಗಿ ಹೋಗುತ್ತಿದ್ದರೆ, ಮೊದಲು ಜ್ಯೂಸ್ ನಿಲ್ಲಿಸಿ ನೋಡಿ.

ಸುಧಾರಿಸಿದರೆ ಪರೀಕ್ಷೆ ಮುಗಿದಿಲ್ಲ, ಅರ್ಧ ಆಗಿದೆ. ತಕ್ಷಣದ ಅಲರ್ಜಿ ಲಕ್ಷಣವಾಗಲಿ, ಮೇಲಿಂದ ಮೇಲೆ ವಾಂತಿಯಾಗಲಿ ಇಲ್ಲದವರಿಗೆ ಮೇಲೆ ಹೇಳಿದಂತೆ 50, 100, 150, 200 ಮಿ.ಲೀ. ಏರಿಸುತ್ತ ಹೋಗಿ. ಲಕ್ಷಣ ಮರಳಿ ಬಂದರೆ ಮಾತ್ರ ಹಾಲೇ ಕಾರಣ. ಬಾರದಿದ್ದರೆ ಒಂದೋ ತೊಂದರೆ ತಾನಾಗಿ ವಾಸಿಯಾಗಿದೆ, ಇಲ್ಲವೇ ಹಾಲಿನದೇನೂ ತಪ್ಪಿರಲಿಲ್ಲ.

ಪ್ರಯೋಗಾಲಯದ ನೆರವು ಬೇಕಾದರೆ, ಚಿಕ್ಕ ಮಗುವಿಗೆ ಮಲದ ಪಿಎಚ್ (ಹುಳಿಯ ಮಟ್ಟ) ಮತ್ತು ರಿಡ್ಯೂಸಿಂಗ್ ಸಬ್‌ಸ್ಟೆನ್ಸ್ (ಅರಗದೆ ಉಳಿದ ಸಕ್ಕರೆ) ಪರೀಕ್ಷೆ ಇದೆ. ಡಯಾಪರ್ ದ್ರವವನ್ನು ಹೀರಿಬಿಡುವುದರಿಂದ ಅದನ್ನು ತಿರುಗಿಸಿ ಪ್ಲಾಸ್ಟಿಕ್ ಬದಿ ಒಳಗೆ ಬರುವಂತೆ ಹಾಕಿ ನೀರಿನ ಭಾಗವನ್ನೇ ಹಿಡಿಯಿರಿ, ಬೇಗ ಲ್ಯಾಬಿಗೆ ಮುಟ್ಟಿಸಿ. ಊದಲು ಬರುವ ವಯಸ್ಸಿನವರಿಗೆ ಹೈಡ್ರೋಜನ್ ಉಸಿರು ಪರೀಕ್ಷೆ. ಲ್ಯಾಕ್ಟೋಸ್ ಕುಡಿಸಿದ ಮೇಲೆ ಹೈಡ್ರೋಜನ್ 20 ಪಿಪಿಎಂಗಿಂತ ಹೆಚ್ಚು ಏರಿದರೆ ಅರಗುತ್ತಿಲ್ಲ ಎಂದರ್ಥ. ಹಿಂದಿನ ನಾಲ್ಕು ವಾರದಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಫಲಿತಾಂಶ ನಂಬುವಂತಿಲ್ಲ. ನೂರಾರು ಆಹಾರಗಳಿಗೆ ಐಜಿಜಿ ಎಂಬ ಪ್ರತಿಕಾಯ ನೋಡುವ ದುಬಾರಿ ರಕ್ತಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅದು ಮಗು ಏನು ತಿಂದಿದೆ ಎಂದು ಹೇಳುತ್ತದೆ, ಏನು ಒಗ್ಗಲ್ಲ ಎಂದಲ್ಲ.

ಹಾಲಿಲ್ಲದೆ ಕ್ಯಾಲ್ಸಿಯಂ

ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿ.ಗ್ರಾಂ., ನಾಲ್ಕರಿಂದ ಆರಕ್ಕೆ 550 ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ. 200 ಮಿ.ಲೀ. ಹಸುವಿನ ಹಾಲು ಸುಮಾರು 240 ಕೊಡುತ್ತದೆ. 50 ಗ್ರಾಂ ರಾಗಿ ಹಿಟ್ಟು ಸುಮಾರು 180, ಎರಡು ಟೀ ಚಮಚ ಎಳ್ಳು 80ರ ಮೇಲೆ, 30 ಗ್ರಾಂ ನುಗ್ಗೆ ಸೊಪ್ಪು 100ರ ಆಸುಪಾಸು. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಆಕ್ಸಲೇಟ್‌ಗೆ ಅಂಟಿಕೊಂಡಿರುವುದರಿಂದ ಲೆಕ್ಕಕ್ಕೆ ಬಾರದು. ಕರಾವಳಿಯ ಮನೆಗಳಲ್ಲಿ ಮುಳ್ಳು ಸಮೇತ ಮೆತ್ತಗೆ ಬೇಯಿಸಿದ ಸಣ್ಣ ಮೀನು ಒಳ್ಳೆಯದು. ಎಳ್ಳಿಗೂ ಅಲರ್ಜಿ ಆಗಬಹುದು. ಮೊದಲ ಸಲ ಕಾಲು ಚಮಚ ಸಾಕು.

ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡ ಬರುತ್ತದೆ, ಮೊಳಕೆ ಬರಿಸಿದರೆ ಅದು ಇಳಿಯುತ್ತದೆ. ರಾಗಿಯನ್ನು ತೊಳೆದು 10–12 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಇಟ್ಟು, ಮೊಳಕೆ ಒಡೆದ ಮೇಲೆ ನೆರಳಲ್ಲಿ ಗರಿಗರಿ ಒಣಗಿಸಿ, ಹದವಾಗಿ ಹುರಿದು ಬೀಸಿಸಿ. ಒಣಗುವುದು ಕಮ್ಮಿಯಾದರೆ ಡಬ್ಬದಲ್ಲಿ ಬೂಸಲು ಹಿಡಿಯುತ್ತದೆ. ರಾಗಿ ಸರಿಗೆ ತೆಳು ಬಟ್ಟೆಯಲ್ಲಿ ಸೋಸುವುದು ಆರೇಳು ತಿಂಗಳ ಕೂಸಿಗೆ ಸರಿ, ಆದರೆ ಕ್ಯಾಲ್ಸಿಯಂನ ದೊಡ್ಡ ಪಾಲು ಹೊರಸಿಪ್ಪೆಯಲ್ಲೇ ಇದೆ. ವರ್ಷ ದಾಟಿದ ಮೇಲೆ ಮಾಮೂಲಿ ಜರಡಿ ಸಾಕು. ಎರಡು ದೊಡ್ಡ ಚಮಚ ಹಿಟ್ಟಿಗೆ 200 ಮಿ.ಲೀ. ನೀರು, ತಣ್ಣೀರಲ್ಲೇ ಕಲಸಿಕೊಂಡು ಕಾಯಿಸಿ. ವರ್ಷದೊಳಗೆ ಬೆಲ್ಲ, ಉಪ್ಪು ಬೇಡ, ಜೇನುತುಪ್ಪ ಖಂಡಿತ ಬೇಡ. ತೆಂಗಿನ ಹಾಲು ರುಚಿಗೆ ಸರಿ. ಪ್ರೋಟೀನೂ ಕ್ಯಾಲ್ಸಿಯಮ್ಮೂ ಕಡಿಮೆ ಇರುವುದರಿಂದ ಅದು ಹಾಲಿನ ಬದಲಿ ಅಲ್ಲ. ಮೊಸರೂ ಇಲ್ಲದ ಅಲರ್ಜಿಯ ಮಗುವಿಗೆ ಬರೀ ಅಡುಗೆಮನೆಯಿಂದ ಲೆಕ್ಕ ತುಂಬುವುದು ಕಷ್ಟ, ಕ್ಯಾಲ್ಸಿಯಂ ಸಿರಪ್ ಬೇಕೇ ಎಂದು ವೈದ್ಯರನ್ನು ಕೇಳಿ.

ಇದರ ಉಲ್ಟಾ ತೊಂದರೆಯೂ ಇದೆ. ದಿನಕ್ಕೆ ಒಂದು ಲೀಟರ್ ಹಾಲು ಕುಡಿದು ಊಟ ಬಿಡುವ ಮಗುವಿಗೆ ಮಲಬದ್ಧತೆ, ರಕ್ತಹೀನತೆ ಬರುತ್ತವೆ. ಅದಕ್ಕೆ ಹಾಲು ಬಿಡಿಸಬೇಕಿಲ್ಲ, 400–500 ಮಿ.ಲೀ.ಗೆ ಇಳಿಸಿ ಬಾಟಲಿ ಬಿಡಿಸಿದರೆ ಸಾಕು.

ಶಾಲೆಗೆ ಹೋಗುವ ಮಗು ಮತ್ತು ಕ್ಷೀರಭಾಗ್ಯ

ಹಾಲಿನ ಸಕ್ಕರೆ ಪೂರ್ತಿ ಅರಗದ ದೊಡ್ಡ ಮಕ್ಕಳಲ್ಲೂ ಹೆಚ್ಚಿನವರು ಒಂದು ಹೊತ್ತಿಗೆ 12 ಗ್ರಾಂ ಲ್ಯಾಕ್ಟೋಸ್ ತನಕ, ಅಂದರೆ 250 ಮಿ.ಲೀ. ಹಾಲಿನ ತನಕ, ಹೆಚ್ಚು ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ. ಖಾಲಿ ಹೊಟ್ಟೆಗಲ್ಲ, ಊಟದ ಜೊತೆ. 2013ರ ಆಗಸ್ಟ್ 1ರಿಂದ ಕರ್ನಾಟಕದ ಶಾಲೆಗಳಲ್ಲಿ ನಡೆಯುತ್ತಿರುವ ಕ್ಷೀರಭಾಗ್ಯ ಯೋಜನೆಯಲ್ಲಿ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು ಮಾಡಿಕೊಡುತ್ತಾರೆ, ಅದರಲ್ಲಿ ಲ್ಯಾಕ್ಟೋಸ್ ಸುಮಾರು 7 ಗ್ರಾಂ. ತಿಂಡಿ ತಿನ್ನದೆ ಶಾಲೆಗೆ ಓಡಿದ ಮಗುವಿಗೆ ಆ ಲೋಟ ಹೊಟ್ಟೆ ನುಲಿಸಬಹುದು. ಮನೆಯಲ್ಲಿ ಎರಡು ಇಡ್ಲಿಯೋ ಒಂದು ರೊಟ್ಟಿಯೋ ತಿಂದು ಹೋದ ದಿನ ಅದೇ ಲೋಟ ಸುಮ್ಮನೆ ಇಳಿಯುತ್ತದೆ. ಒಂದು ವಾರ ಹೀಗೆ ತಿನ್ನಿಸಿ ಕಳಿಸಿ. ಆಗಲೂ ನೋವು ಬಂದರೆ ಅರ್ಧ ಲೋಟ ಸಾಕೆಂದು ಶಿಕ್ಷಕರಿಗೆ ಹೇಳಿ. ಅಲರ್ಜಿಯ ಮಗುವಾದರೆ ಮಾತು ಬೇರೆ: ಹಾಲೂ ಬೇಡ, ಹಾಲು ಬೆರೆಸಿದ ರಾಗಿ ಮಾಲ್ಟೂ ಬೇಡ ಎಂದು ವೈದ್ಯರ ಚೀಟಿಯ ಸಮೇತ ಮುಖ್ಯ ಶಿಕ್ಷಕರಿಗೆ ಬರೆದುಕೊಟ್ಟು, ಒಂದು ಪ್ರತಿಯನ್ನು ಬಿಸಿಯೂಟದ ಅಡುಗೆಯವರ ಕೈಗೂ ಕೊಡಿ.